ಸುದ್ದಿಯ ಮುಂದಿನ ಕಂತು

ನಿವೃತ್ತನಾಗಿ ಅಳವಂಡಿಗೆ ಮರಳಿದ ಮೇಲೆ ಊರವರು ನನಗೊಂದು ಗುರುತು ಕೊಟ್ಟಿದ್ದಾರೆ: ‘ದೊಡ್ಡ ದವಾಖಾನ್ಯಾಗ ಇದ್ದವರು’. ಅಲ್ಲಿ ಏನು ಮಾಡುತ್ತಿದ್ದೆ ಎಂಬುದು ಯಾರಿಗೂ ಅಷ್ಟು ಮುಖ್ಯವಲ್ಲ. ಕಂಪೌಂಡರ್ ಇದ್ದಿರಬೇಕೆಂದು ಕೆಲವರು, ಎಕ್ಸ್‌ರೇ ತೆಗೆಯುತ್ತಿದ್ದೆನೆಂದು ಕೆಲವರು. ಮೆಡಿಕಲ್ ಕಾಲೇಜಿನಲ್ಲಿ ಲೈಬ್ರರಿಯನ್ ಆಗಿದ್ದೆ ಎಂದರೆ ಚಹಾದಂಗಡಿಯವನು ಸಕ್ಕರೆ ಕದಡುವುದನ್ನು ನಿಲ್ಲಿಸಿ ಕೇಳಿದ: “ದವಾಖಾನ್ಯಾಗ ಪುಸ್ತಕ ಯಾಕ್ರೀ? ಡಾಕ್ಟರು ಎಲ್ಲಾ ಓದ್ಕೊಂಡೇ ಬಂದಿರ್ತಾರಲ್ಲ?”

ಒಳ್ಳೆಯ ಪ್ರಶ್ನೆ. ಓದಿಕೊಂಡು ಬಂದದ್ದು ಹಳತಾಗುತ್ತದೆ ಎಂಬ ಒಂದೇ ಕಾರಣಕ್ಕೆ ನನಗೆ ಅಷ್ಟು ವರ್ಷ ಸಂಬಳ ಬಂತು.

ಈಗ ಆ ಕೆಲಸವೇ ಇಲ್ಲ. ಹುದ್ದೆ ಇದೆ, ಕುರ್ಚಿಯೂ ಇದೆ. ನಾನು ಮಾಡುತ್ತಿದ್ದ ಕೆಲಸ ಮಾತ್ರ ಯಾರ ಗಮನಕ್ಕೂ ಬಾರದೆ ಎದ್ದುಹೋಯಿತು. ಅದೇನಿತ್ತು ಎಂದು ಹೇಳಬೇಕಾದರೆ ಇಂಡೆಕ್ಸ್ ಮೆಡಿಕಸ್‌ನಿಂದ ಶುರು ಮಾಡಬೇಕು. ಅಮೆರಿಕದ ಸೈನ್ಯದಲ್ಲಿ ವೈದ್ಯರಾಗಿದ್ದ ಜಾನ್ ಶಾ ಬಿಲ್ಲಿಂಗ್ಸ್ 1879ರಲ್ಲಿ ಆರಂಭಿಸಿದ ಸೂಚಿ ಅದು. ಜಗತ್ತಿನ ವೈದ್ಯ ಪತ್ರಿಕೆಗಳಲ್ಲಿ ಬಂದ ಲೇಖನಗಳನ್ನು ವಿಷಯವಾರು, ಲೇಖಕವಾರು ಜೋಡಿಸಿ ತಿಂಗಳಿಗೊಂದು ಸಂಪುಟ ತರುತ್ತಿದ್ದರು. ನಮ್ಮ ಕಾಲಕ್ಕೆ ಆಯಾ ವರ್ಷದ್ದನ್ನೆಲ್ಲ ಕೂಡಿಸಿದ ದಪ್ಪ ಸಂಪುಟಗಳೂ ಬರುತ್ತಿದ್ದವು. ಒಂದನ್ನು ಎತ್ತಿ ಮೇಜಿನ ಮೇಲಿಡಲು ಎರಡೂ ಕೈ ಬೇಕು. ತೆಳು ಹಾಳೆ, ಇರುವೆಸಾಲಿನಂಥ ಅಕ್ಷರ. ಸಾರಾಂಶ ಗೀರಾಂಶ ಏನೂ ಇಲ್ಲ. ಲೇಖನದ ಶೀರ್ಷಿಕೆ, ಬರೆದವರ ಹೆಸರು, ಪತ್ರಿಕೆ, ಸಂಪುಟ, ಪುಟ, ಇಷ್ಟೇ. ಆ ಒಂದು ಸಾಲನ್ನು ನೋಡಿ, ಈ ಲೇಖನಕ್ಕೆ ದಿಲ್ಲಿಗೆ ಕಾಗದ ಬರೆಯುವುದು ಬೇಕೋ ಬೇಡವೋ ತೀರ್ಮಾನಿಸಬೇಕು.

ನಾನು ಚಾಕರಿ ಮಾಡಿದ ಕಾಲೇಜಿನ ಹೆಸರು ಇಲ್ಲಿ ಬೇಡ. ನಮ್ಮ ಭಾಗದವರಿಗೆ ಆಗ ಇದ್ದದ್ದು ಹುಬ್ಬಳ್ಳಿ, ಬಳ್ಳಾರಿ, ಕಲಬುರಗಿ. ಕೊಪ್ಪಳಕ್ಕೇ ವೈದ್ಯಕೀಯ ಕಾಲೇಜು ಬಂದದ್ದು 2015ರಲ್ಲಿ. ನಮ್ಮ ಲೈಬ್ರರಿಗೆ ಒಂದು ಮಧ್ಯಾಹ್ನ ಮೂಳೆ ವಿಭಾಗದ ಒಬ್ಬ ಡಾಕ್ಟರು ಬಂದರು. ಕೈಯಲ್ಲಿ ಎಕ್ಸ್‌ರೇ ಲಕೋಟೆ. “ನೋಡ್ರಿ, ಹುಡುಗ ಹನ್ನೆರಡು ವರ್ಷದವ. ನಿಂತರ ಎರಡೂ ಮೊಣಕಾಲು ಒಂದಕ್ಕೊಂದು ಬಡೀತಾವ. ಅದೇ ಊರಿಂದ ಮತ್ತೊಬ್ಬ ಬಂದಾನ. ಯಾರರೆ ಏನರೆ ಬರದಾರೇನು?” ಎಂದರು.

ನಾನು ಸಂಪುಟಗಳನ್ನು ಇಳಿಸಿದೆ. ‘ಮೊಣಕಾಲು’ ತೆಗೆದು ನೋಡಿದರೆ ಸಾವಿರ ಲೇಖನ, ಒಂದೂ ನಮ್ಮದಲ್ಲ. ‘ರಿಕೆಟ್ಸ್’ ತೆಗೆದೆ. ಅಲ್ಲಿಂದ ‘ಫ್ಲೋರೈಡ್ ವಿಷಬಾಧೆ’. ಅಲ್ಲಿ ಸಿಕ್ಕಿತು: 1973ರ ಲ್ಯಾನ್ಸೆಟ್‌ನಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಬರೆದದ್ದು, ಫ್ಲೋರೈಡ್ ನೀರಿನ ಸೀಮೆಯಲ್ಲಿ ಮಕ್ಕಳ ಮೊಣಕಾಲು ಒಳಬಾಗುವುದರ ಬಗ್ಗೆ. ಸರಿ, ಲೇಖನವೆಲ್ಲಿ? ಕಾರ್ಡೆಕ್ಸ್ ಎಳೆದೆ. ಕಾರ್ಡೆಕ್ಸ್ ಎಂದರೆ ಪತ್ರಿಕೆಗಳ ಹಾಜರಿ ಪುಸ್ತಕ. ಉಕ್ಕಿನ ತಟ್ಟೆಯಲ್ಲಿ ಪತ್ರಿಕೆಗೊಂದು ಕಾರ್ಡು, ಸಂಚಿಕೆಗೊಂದು ಚೌಕ, ಬಂದ ದಿನಾಂಕ ಚೌಕದೊಳಗೆ. ಪತ್ರಿಕೆಗಳು ಹಡಗಿನ ಟಪಾಲಿನಲ್ಲಿ ಬರುತ್ತಿದ್ದವು, ಡಿಸೆಂಬರಿನದು ಮಾರ್ಚಿಗೆ ಬಂದರೆ ಬೇಗ ಬಂತೆಂದು ಲೆಕ್ಕ. ನಮಗೆ ಬೇಕಾದ ಚೌಕವೇ ಖಾಲಿ. ದಿಲ್ಲಿಯ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯಕ್ಕೆ ಜೆರಾಕ್ಸ್ ಕಳಿಸಿರೆಂದು ಕಾಗದ ಹಾಕಿದೆ.

ಜೆರಾಕ್ಸ್ ಬರಲು ವಾರಗಟ್ಟಲೆ ಹಿಡಿಯಿತು. ಆ ವಾರಗಳ ಬಗ್ಗೆಯೇ ನಾನು ಹೇಳಬೇಕೆಂದಿದ್ದೇನೆ. ಡಾಕ್ಟರು ದಿನಕ್ಕೊಮ್ಮೆ ಲೈಬ್ರರಿಗೆ ಬಂದು “ಬಂತೇನ್ರಿ?” ಎನ್ನುತ್ತಿದ್ದರು. ಬಂದಿಲ್ಲವೆಂದರೆ ಸುಮ್ಮನೆ ಹೋಗುತ್ತಿರಲಿಲ್ಲ, ಮೇಜಿನ ತುದಿಗೆ ಕೂತು ಮಾತಾಡುತ್ತಿದ್ದರು. ಆ ಊರಿನವರು ಕೆರೆ ನೀರು ಕುಡಿಯುತ್ತಾರೋ ಬೋರಿನದೋ? ಬೋರು ಕೊರೆದು ಎಷ್ಟು ವರ್ಷವಾಯಿತು? ಹುಡುಗನ ಅಣ್ಣ ನೆಟ್ಟಗಿದ್ದಾನೆಯೆ? ಹಲ್ಲು ಹೇಗಿವೆ? ನಾನು ಅಳವಂಡಿಯವನೆಂದು ಗೊತ್ತಾದ ಮೇಲೆ ನನ್ನ ಹಲ್ಲನ್ನೂ ನೋಡಿದರು. ಲೇಖನ ಕೈಗೆ ಬರುವ ಹೊತ್ತಿಗೆ ಅವರ ಪ್ರಶ್ನೆ ಮೊದಲಿನದಾಗಿರಲಿಲ್ಲ, ಅದಕ್ಕಿಂತ ಎಷ್ಟೋ ಪಾಲು ಒಳ್ಳೆಯದಾಗಿತ್ತು. ಜೋಳ ಉಣ್ಣುವವರಲ್ಲಿ ಈ ಬಾಧೆ ಹೆಚ್ಚೇ ಎಂದು ಅವರೇ ಕೇಳಿದರು. ಆಮೇಲೆ ನೋಡಿದರೆ ಅದೇ ಪೋಷಣ ಸಂಸ್ಥೆಯವರು ಜೋಳದಲ್ಲಿರುವ ತಾಮ್ರ, ಮಾಲಿಬ್ಡಿನಮ್‌ಗಳನ್ನು ಅಳೆಯುವಲ್ಲಿಗೆ ಹೋಗಿದ್ದರು.

ಗ್ರಂಥಾಲಯ ವಿಜ್ಞಾನ ಓದಿದ ಪ್ರತಿಯೊಬ್ಬನಿಗೂ ರಂಗನಾಥನ್ ಅವರ ಐದು ಸೂತ್ರ ಬಾಯಿಪಾಠ. 1931ರಲ್ಲಿ ಅವರು ಬರೆದದ್ದನ್ನು ಧಾರವಾಡದಲ್ಲಿ ನಾವು ಪಂಚಾಕ್ಷರಿಯ ಹಾಗೆ ಹೇಳುತ್ತಿದ್ದೆವು. ನಾಲ್ಕನೆಯದು, ಓದುಗನ ಸಮಯ ಉಳಿಸು. ಆ ಸೂತ್ರದ ಮೇಲೆ ನನಗೆ ಈಗಲೂ ಗೌರವವಿದೆ. ಆದರೆ ಹೀಗೆ ಉಳಿಸಿದ ಸಮಯದಲ್ಲಿ ಓದುಗ ಏನು ಮಾಡುತ್ತಾನೆ ಎಂಬುದಕ್ಕೆ ಆರನೆಯ ಸೂತ್ರವೊಂದು ಬೇಕಿತ್ತು.

ಇನ್ನೊಂದು ದಾರಿಯೂ ಇತ್ತು, ಅಚ್ಚು ಹಾಕಿಸಿದ ಕಾರ್ಡುಗಳದ್ದು. ‘ತಮ್ಮ ಇಂಥ ಲೇಖನದ ಒಂದು ಪ್ರತಿಯನ್ನು ದಯಮಾಡಿ ಕಳಿಸಿದರೆ ಉಪಕಾರವಾಗುತ್ತದೆ’ ಎಂದು ಇಂಗ್ಲಿಷಿನಲ್ಲಿ ಮುದ್ರಿಸಿದ ಕಾರ್ಡು. ನಡುವೆ ಖಾಲಿ ಬಿಟ್ಟಲ್ಲಿ ಶೀರ್ಷಿಕೆ ತುಂಬಿ ಲೇಖಕನಿಗೇ ಹಾಕುವುದು. ಚೆಕೊಸ್ಲೊವಾಕಿಯಾದಿಂದ, ಜಪಾನಿನಿಂದ, ಕ್ಯೂಬಾದಿಂದ ಲಕೋಟೆ ಬರುತ್ತಿದ್ದವು. ನಮ್ಮ ಲೈಬ್ರರಿಯ ಜವಾನ ಅಂಚೆಚೀಟಿಗಳನ್ನು ನೀರಲ್ಲಿ ನೆನೆಸಿ ಬಿಡಿಸಿಕೊಳ್ಳುತ್ತಿದ್ದ. ಕೆಲವರು ಲೇಖನದ ಮೇಲೆ ಸಹಿ ಹಾಕಿ ಕಳಿಸುತ್ತಿದ್ದರು. ಒಬ್ಬರಂತೂ ಎರಡನೆಯ ಕೋಷ್ಟಕದಲ್ಲಿ ಒಂದು ಅಂಕಿ ತಪ್ಪಾಗಿದೆಯೆಂದು ತಾವೇ ಪೆನ್ನಿನಲ್ಲಿ ತಿದ್ದಿ ಕಳಿಸಿದ್ದರು. ಬರೆದವನೊಬ್ಬ ಅಲ್ಲಿದ್ದಾನೆ, ಅವನನ್ನು ಕೇಳಬಹುದು ಎಂಬುದು ನಮಗೆ ಆ ಲಕೋಟೆಗಳಿಂದ ಗೊತ್ತಿತ್ತು.

ಈ ‘ಕೇಳುವ’ ಚಟ ನನಗೆ ಹಿಡಿದದ್ದು ಲೈಬ್ರರಿಯಲ್ಲಲ್ಲ, ಊರಲ್ಲೇ. ಕೊಪ್ಪಳ ತಾಲೂಕಿನ ಪಡುವಣ ಅಂಚಿನ ಎರೆ ಸೀಮೆ ನಮ್ಮದು. 1948ರ ತನಕ ನಾವು ನಿಜಾಮರವರು, ಮಗ್ಗುಲಿನ ಮುಂಡರಗಿ ಬ್ರಿಟಿಷರದು. ವಿಮೋಚನೆಯ ಹೊತ್ತಿಗೆ ನಮ್ಮೂರ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿ ಶಿಬಿರ ಹೂಡಿದ್ದರು. ಸ್ವಾತಂತ್ರ್ಯ ಬಂದಂತೆ ಪೇಪರೂ ನಮಗೆ ಆ ಕಡೆಯಿಂದಲೇ ಬರುತ್ತಿತ್ತು. ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕ ಬಸ್ಸಿನ ಮೇಲೆ ಬಂದು ಇಳಿಯುವ ಹೊತ್ತಿಗೆ ಸೋದರಮಾವ ಕಟ್ಟೆಯ ಮೇಲೆ ಕಾದಿರುತ್ತಿದ್ದ. ಮಾವ ಪ್ರಾಥಮಿಕ ಶಾಲೆ ಮಾಸ್ತರ. ರಾಜಕೀಯವನ್ನು ಬೇರೆಯವರಿಗೆ ಓದಲು ಬಿಟ್ಟು ಆರೋಗ್ಯದ ಸುದ್ದಿಯನ್ನು ಮಾತ್ರ ಕತ್ತರಿಸಿ ಇಟ್ಟುಕೊಳ್ಳುವವನು.

ಅಂಟಿಸಲು ಅಡತಿ ಅಂಗಡಿಯ ಹಳೆಯ ಕಿರ್ದಿ ಪುಸ್ತಕ. ಅಂಟು ಮನೆಯದೇ: ಮೈದಾಹಿಟ್ಟು ಕುದಿಸಿ, ಹುಳು ಹತ್ತದಿರಲೆಂದು ಚೂರು ಮೈಲುತುತ್ತ ಹಾಕುವುದು. ಅದಕ್ಕೇ ಆ ಪುಸ್ತಕದ ಅಂಚುಗಳೆಲ್ಲ ತಿಳಿ ಹಸಿರು. ಎಡಗಡೆಯ ಪುಟಕ್ಕೆ ಸುದ್ದಿ, ಕೆಳಗೆ ತಾರೀಖು. ಬಲಗಡೆಯ ಪುಟ ಖಾಲಿ. ಅದರ ತಲೆಯ ಮೇಲೆ ಕೆಂಪು ಮಸಿಯಲ್ಲಿ ‘ಮುಂದೇನಾತು?’ ಎಂದಷ್ಟೇ ಬರೆದಿರುತ್ತಿತ್ತು. “ಅಳಿಯಾ, ಪೇಪರಿನವರು ಮೊದಲನೇ ಕಂತು ಹಾಕಿ ಬಿಟ್ಟುಬಿಡ್ತಾರ. ಧಾರಾವಾಹಿ ಇದ್ದಿದ್ದರ ಜನ ಬಿಡ್ತಿದ್ದರೇನು?” ಎನ್ನುತ್ತಿದ್ದ.

ತುಂಬಿದ ಬಲಪುಟಗಳು ಕಡಿಮೆ. ಸಿಡುಬಿನದು ತುಂಬಿತ್ತು: 1975ರಲ್ಲಿ ದೇಶದ ಕಡೆಯ ರೋಗಿ, 1977ರಲ್ಲಿ ಭಾರತ ಮುಕ್ತವೆಂಬ ಘೋಷಣೆ, 1980ರಲ್ಲಿ ಲೋಕಕ್ಕೇ. ಸ್ಯಾಕರಿನ್ ತಿಂದರೆ ಕ್ಯಾನ್ಸರ್ ಬರುತ್ತದೆಂಬ 1977ರ ಸುದ್ದಿಯ ಬಲಪುಟ ಖಾಲಿಯೇ ಉಳಿಯಿತು. ಇಲಿಗಳಿಗೆ ಆದದ್ದು ಮನುಷ್ಯರಿಗೆ ಆಗುವ ಬಗೆಯದಲ್ಲವೆಂದು ಅಮೆರಿಕದ ಸರ್ಕಾರ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಿಂದ ತೆಗೆದದ್ದು 2000ದಲ್ಲಿ. ಮೊದಲನೇ ಕಂತಿಗೂ ಕಡೆಯ ಕಂತಿಗೂ ನಡುವೆ 23 ವರ್ಷ. ಇಂಟರ್‌ಫೆರಾನ್ ಎಂಬುದು ಎಲ್ಲ ಕ್ಯಾನ್ಸರಿಗೂ ರಾಮಬಾಣ ಎಂಬ ಸುದ್ದಿಯನ್ನು ಮಾವ ಎರಡು ಸಲ ಅಂಟಿಸಿದ್ದ. ಪೇಪರಿನವರೇ ಎರಡು ಸಲ ಹಾಕಿದ್ದರು, ಅವನೇನು ಮಾಡಿಯಾನು?

ಮಾವ ಬಹಳ ಆಸ್ಥೆಯಿಂದ ತುಂಬಿದ ಪುಟ ನಾರುಹುಣ್ಣಿನದು. ಈಗಿನ ಹುಡುಗರಿಗೆ ಹೇಳಿದರೆ ಕಥೆ ಕಟ್ಟುತ್ತಾನೆ ಎನ್ನುತ್ತಾರೆ. ಮೆಟ್ಟಿಲು ಬಾವಿಯ ನೀರಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿ ಇರುತ್ತದೆ, ಅದರ ಹೊಟ್ಟೆಯಲ್ಲಿ ಈ ಹುಳದ ಮರಿ. ಕುಡಿದು ಒಂದು ವರ್ಷಕ್ಕೆ ಪಾದದ ಬಳಿ ಬೊಬ್ಬೆ ಎದ್ದು ಒಡೆದು ಬಿಳಿಯ ದಾರ ಹೊರಗೆ ಇಣುಕುತ್ತದೆ. ದಾರವೆಂದರೆ ಜೀವಂತ ಹುಳ, ಎರಡು ಮೂರು ಅಡಿ ಉದ್ದ. ಅದನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲ ಎಳೆಯಬೇಕು. ಹರಿಯಿತೋ ಕಾಲು ಬಾತು ತಿಂಗಳಾನುಗಟ್ಟಲೆ ಹಾಸಿಗೆ. ಉರಿ ತಾಳಲಾರದೆ ಕಾಲನ್ನು ಬಾವಿಯ ನೀರಿಗೆ ಇಳಿಸಿದರೆ ಹುಳ ಸಾವಿರಗಟ್ಟಲೆ ಮರಿ ಬಿಡುತ್ತದೆ, ಮುಂದಿನ ವರ್ಷದ ಸುಗ್ಗಿ ಅಲ್ಲಿಂದ. ರೋಗಕ್ಕೆ ಔಷಧ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಎರಡು ಮಡಿಕೆ ಬಟ್ಟೆಯಲ್ಲಿ ನೀರು ಸೋಸಿರಿ, ಬಾವಿಗೆ ಕಾಲಿಡಬೇಡಿರಿ ಎಂದು ಮನೆಮನೆಗೆ ಹೇಳುತ್ತ, ಬಾವಿಗೆ ಟೆಮೆಫಾಸ್ ಎಂಬ ಕೀಟನಾಶಕ ಹಾಕುತ್ತ, ಬೋರು ಕೊರೆದು ಕೈಪಂಪು ಕೂರಿಸುತ್ತ ಅದನ್ನು ದೇಶದಿಂದ ಓಡಿಸಿದರು. ನಮ್ಮಜ್ಜಿಯ ಹಿಮ್ಮಡದ ಮೇಲೆ ಗೆಜ್ಜೆ ಕಟ್ಟಿದಷ್ಟು ಅಗಲದ ಕಲೆ ಇತ್ತು.

ಭಾರತದ ಕಡೆಯ ರೋಗಿ 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಸೀಮೆಯಲ್ಲಿ. ಮಾವ ಬಲಪುಟದಲ್ಲಿ ಅದನ್ನು ಬರೆದ, ಅಡಿಗೆರೆ ಹಾಕಲಿಲ್ಲ. “ಪ್ರಮಾಣಪತ್ರ ಬರಲಿ” ಎಂದ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ 2000ದ ಫೆಬ್ರವರಿಯಲ್ಲಿ ಬಂದಾಗ ಮಾವ ಇರಲಿಲ್ಲ.

ಕೈಪಂಪಿನ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಮೇಲಿನ ನೀರಿನಲ್ಲಿ ಹುಳ, ಕೆಳಗಿನ ಬಂಡೆಯ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬ ಮಿತಿಯನ್ನು ನಮ್ಮ ಜಿಲ್ಲೆಯ ಎಷ್ಟೋ ಬೋರುಗಳು ಎಂದೋ ದಾಟಿವೆ. ಒಂದು ತಲೆಮಾರಿನ ಕಾಲನ್ನು ಉಳಿಸಿದ ಬೋರೇ ಮುಂದಿನ ತಲೆಮಾರಿನ ಮೊಣಕಾಲಿಗೆ ಬಂತು. ಮೂಳೆ ಡಾಕ್ಟರು ತಂದ ಎಕ್ಸ್‌ರೇ ಮಾವನ ಬಲಪುಟದ ಮುಂದುವರಿಕೆ ಎಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ಆಗ ಆ ಕಿರ್ದಿ ಪುಸ್ತಕ ಹುಡುಕಿದೆ. ಯಾವುದೋ ಶಾಲೆಯವರು ಆರೋಗ್ಯ ಪ್ರದರ್ಶನಕ್ಕೆಂದು ಇಸಿದುಕೊಂಡು ಹೋಗಿದ್ದರಂತೆ. ಮಾವನ ಮಗನಿಗೆ ಯಾವ ಶಾಲೆ ಎಂಬುದು ನೆನಪಿಲ್ಲ.

ಲೈಬ್ರರಿಗೆ ಕಂಪ್ಯೂಟರ್ ಬಂದ ದಿನಗಳನ್ನು ನೆನೆದರೆ ನಗು ಬರುತ್ತದೆ. ಅದಕ್ಕೊಂದು ಪ್ರತ್ಯೇಕ ಕೋಣೆ, ಏರ್ ಕಂಡೀಷನರು. ಪ್ರೊಫೆಸರುಗಳೆಲ್ಲ ಬೂಟು ಹೊರಗೆ ಬಿಟ್ಟು ಗರ್ಭಗುಡಿಗೆ ಹೋದಂತೆ ಕಾಲುಚೀಲದಲ್ಲಿ ಒಳಗೆ ಹೋಗುವವರು. ಇಂಡೆಕ್ಸ್ ಮೆಡಿಕಸ್‌ನ ಕಂಪ್ಯೂಟರ್ ರೂಪವಾದ ಮೆಡ್‌ಲೈನ್‌ನ ಸಿಡಿ ತಟ್ಟೆಗಳನ್ನು ನಾನು ಅಂಚು ಹಿಡಿದೇ ಎತ್ತುತ್ತಿದ್ದೆ. 1997ರ ಜೂನಿನಲ್ಲಿ ಅಮೆರಿಕದವರು, ಅದನ್ನೇ ಇಂಟರ್‌ನೆಟ್ಟಿನಲ್ಲಿ ಹುಡುಕಬಹುದಾದ ಪಬ್‌ಮೆಡ್ಡನ್ನು ಜಗತ್ತಿಗೆಲ್ಲ ಪುಕ್ಕಟೆ ಬಿಟ್ಟರು. ದುಡ್ಡಿಲ್ಲದ ಕಾಲೇಜಿನ ಲೈಬ್ರರಿಯನ್ನನಿಗೆ ಅದೆಂಥ ಹಬ್ಬವೆಂದು ಬೇರೆಯವರಿಗೆ ತಿಳಿಯದು. 2003ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಹೆಲಿನೆಟ್ ಬಂತು. ಕಾಲೇಜುಗಳೆಲ್ಲ ಕೂಡಿ ಪತ್ರಿಕೆಗಳನ್ನು ಕೊಳ್ಳುವ ಏರ್ಪಾಡು ಅದು. ನಮ್ಮ ಕಾರ್ಡೆಕ್ಸಿನಲ್ಲಿ ಎಂದೂ ಕಾರ್ಡೇ ಇಲ್ಲದಿದ್ದ ಪತ್ರಿಕೆಗಳು ಪರದೆಯ ಮೇಲೆ ತೆರೆದುಕೊಂಡವು. ಇದನ್ನು ಹಳಿಯುವವನು ನಾನಲ್ಲ. ಇವತ್ತು ಅಳವಂಡಿಯ ಸರ್ಕಾರಿ ದವಾಖಾನೆಯ ಡಾಕ್ಟರು ಮೊಬೈಲಿನಲ್ಲಿ ನೋಡುವುದೂ ಬಾಸ್ಟನ್ನಿನ ಡಾಕ್ಟರು ನೋಡುವುದೂ ಒಂದೇ ಪಬ್‌ಮೆಡ್, ಮೂರೂವರೆ ಕೋಟಿಗೂ ಮಿಕ್ಕಿದ ನಮೂದುಗಳು.

ಇಂಡೆಕ್ಸ್ ಮೆಡಿಕಸ್‌ನ ಅಚ್ಚು 2004ರ ಡಿಸೆಂಬರಿಗೆ ನಿಂತಿತು. ಕೆಲವು ವರ್ಷಕ್ಕೆ ನಮ್ಮಲ್ಲಿ ಜಾಗದ ತಕರಾರು ಎದ್ದಿತು. ತಕ್ಕಡಿಯವನು ಬಂದ. ಸಂಪುಟದ ರಟ್ಟು ಹರಿದು ಒಂದು ಕಡೆ, ಒಳಗಿನ ಕಾಗದ ಒಂದು ಕಡೆ. ರಟ್ಟಿಗೆ ರೇಟು ಕಡಿಮೆಯಂತೆ. ಬೈಂಡರ್ ಹೊಲಿದ ದಾರ ಗಟ್ಟಿ ಇತ್ತು, ಅವನು ಎಳೆಯಲು ಒದ್ದಾಡಿದ. ನಾನು ರಿಜಿಸ್ಟರಿನಲ್ಲಿ ಒಂದೊಂದೇ ನಂಬರಿಗೆ ಗೆರೆ ಹೊಡೆದೆ. ಆ ಜಾಗದಲ್ಲಿ ಈಗ ಹುಡುಗರು ಪರೀಕ್ಷೆಗೆ ಓದುತ್ತಾರೆ. ಅದೂ ಬೇಕಾದದ್ದೇ.

ಆಮೇಲೆ ಡಾಕ್ಟರುಗಳು ಲೈಬ್ರರಿಗೆ ಬರುವುದು ನಿಂತಿತು. ಬರುವ ಕಾರಣವಿಲ್ಲ. ಬೇಕಾದ್ದು ಕ್ಷಣಕ್ಕೆ ಸಿಗುವಾಗ ಮೇಜಿನ ತುದಿಗೆ ಯಾರು ಕೂರುತ್ತಾರೆ? ಕೇಳಿದ ಪ್ರಶ್ನೆಗೇ ಉತ್ತರ ಬಂದುಬಿಡುತ್ತದೆ, ಅದು ಒಳ್ಳೆಯ ಪ್ರಶ್ನೆಯಾಗಲು ಪುರುಸೊತ್ತೇ ಸಿಗುವುದಿಲ್ಲ.

ಊರಿನ ಕಥೆ ಹೇಳುತ್ತೇನೆ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಶುರುವಾಯಿತು. ಮೊದಲು ಹಾಕಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಒಂಬತ್ತು ತಿಂಗಳ ಕೂಸಿನಿಂದ ಹದಿನೈದು ವರ್ಷದವರೆಗೆ ಎಲ್ಲರಿಗೂ. ವಾಟ್ಸಾಪಿನಲ್ಲಿ ಬೇಡವೆಂಬ ಸಂದೇಶಗಳು ಹಾರಾಡಿದವು. ಶಾಲೆಯ ಬಾಗಿಲಲ್ಲಿ ಒಬ್ಬ ತಾಯಿ ನನ್ನನ್ನು ನಿಲ್ಲಿಸಿ, “ಕಾಕಾರ, ಇದರಿಂದ ಹುಡುಗರ ಬುದ್ಧಿ ಮಂಕಾಗ್ತದಂತಲ್ರೀ, ಫಾರೆನ್ ಡಾಕ್ಟರು ಬರದಾರಂತ” ಎಂದಳು. ಬರೆದದ್ದು ಹೌದು. 1998ರಲ್ಲಿ ಲಂಡನ್ನಿನ ವೇಕ್‌ಫೀಲ್ಡ್ ಎಂಬವರು, ಅದೇ ಲ್ಯಾನ್ಸೆಟ್‌ನಲ್ಲಿ. ನೋಡಿದ್ದು 12 ಮಕ್ಕಳನ್ನು. 2010ರಲ್ಲಿ ಪತ್ರಿಕೆ ಆ ಲೇಖನವನ್ನು ವಾಪಸು ಪಡೆಯಿತು, ಅವರ ವೈದ್ಯ ಪರವಾನಗಿಯೂ ಹೋಯಿತು. ಅಷ್ಟನ್ನೂ ಬಿಸಿಲಲ್ಲಿ ನಿಂತು ಹೇಳಿದೆ. ಆಕೆ ಕೇಳಿಸಿಕೊಂಡಳು. “ವಾಪಸ್ ತಗೊಂಡಾರಂತ ಯಾರೂ ಕಳಿಸ್ಲೇ ಇಲ್ಲಲ್ರೀ” ಎಂದಳು. ಮಗುವಿಗೆ ಲಸಿಕೆ ಹಾಕಿಸಿದಳು, ಅದು ಬೇರೆ ಮಾತು.

ಕೊರೊನಾ ಕಾಲದಲ್ಲಿ ಕಂತುಗಳ ನಡುವಿನ ಅಂತರ ಕಡಿಮೆಯಾಯಿತು. 2020ರ ಮೇ 22ಕ್ಕೆ ಲ್ಯಾನ್ಸೆಟ್‌ನಲ್ಲೇ, ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟರೆ ಸಾವು ಹೆಚ್ಚು ಎಂಬ ಲೇಖನ ಬಂತು. 671 ಆಸ್ಪತ್ರೆ, 96 ಸಾವಿರ ರೋಗಿಗಳ ಲೆಕ್ಕ. ಆ ಲೆಕ್ಕವನ್ನು ಒದಗಿಸಿದ ಕಂಪನಿ ಮೂಲ ದಾಖಲೆ ತೋರಿಸಲಿಲ್ಲ. ಜೂನ್ 4ಕ್ಕೆ ಲೇಖನ ವಾಪಸು. ಎರಡು ವಾರ! ಮಾವ ಇದ್ದಿದ್ದರೆ ಎಡಪುಟದ ಅಂಟು ಒಣಗುವುದರೊಳಗೆ ಬಲಪುಟ ತುಂಬಿಸುತ್ತಿದ್ದ. ಆದರೆ ಮುಂದೇನಾಯಿತು ಎಂದು ಕೇಳುವವರಿಗೆ ಮಾತ್ರ ಆ ಕಂತು. ಪಬ್‌ಮೆಡ್ಡಿನಲ್ಲಿ ವಾಪಸಾದ ಲೇಖನದ ನೆತ್ತಿಯ ಮೇಲೆ ಹಾಗೆಂದು ಎದ್ದು ಕಾಣುವಂತೆ ಬರೆದಿರುತ್ತದೆ. ಟಿವಿಯ ಅಡಿಯಲ್ಲಿ ಓಡುವ ಸಾಲಿಗೆ ನೆತ್ತಿ ಎಲ್ಲಿದೆ?

ನನ್ನ ತಂಗಿಯ ಮಗಳು ಡಾಕ್ಟರಿಕೆಯಲ್ಲಿ ಪಿಜಿ ಮಾಡುತ್ತಿದ್ದಾಳೆ. ಶಾಲೆ ಮಕ್ಕಳ ಹಲ್ಲು ಮತ್ತು ಫ್ಲೋರೈಡ್ ಅವಳ ಪ್ರಬಂಧದ ವಿಷಯ, ನಮ್ಮ ಕಡೆಯ ಊರುಗಳನ್ನೇ ಆರಿಸಿಕೊಂಡಿದ್ದಾಳೆ. ಒಂದು ಭಾನುವಾರ ಬಂದು, “ಮಾಮಾ, ರೆಫರೆನ್ಸ್ ಸ್ವಲ್ಪ ನೋಡಿಕೊಡು” ಎಂದು ಪಟ್ಟಿ ಕೊಟ್ಟಳು. ಪಟ್ಟಿಯನ್ನು ಮೊಬೈಲಿನ ಎಐ ತಯಾರಿಸಿ ಕೊಟ್ಟಿತ್ತು. ಎಷ್ಟು ಚೆಂದದ ಪಟ್ಟಿ! ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ತನ್ನ ಜಾಗದಲ್ಲಿ. ನಾನು ಒಂದೊಂದೇ ಹುಡುಕಿದೆ. 1913ರಿಂದ ಬರುತ್ತಿರುವ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನ ಒಂದು ಸಂಪುಟ, ಅದರ ಒಂದು ಪುಟ ಕೊಟ್ಟಿತ್ತು. ಸಂಪುಟ ಇದೆ. ಆ ಪುಟದಲ್ಲಿರುವುದು ಕ್ಷಯದ ಲೇಖನ. ಬರೆದವರೆಂದು ಕೊಟ್ಟ ಹೆಸರು ನಮ್ಮ ಕಡೆಯ ಹೆಸರಿನಂತೆಯೇ ಇದೆ. ಆ ಹೆಸರಿನವರು ಅಂಥದ್ದನ್ನು ಎಲ್ಲಿಯೂ ಬರೆದಿಲ್ಲ. ಕಾರ್ಡು ಹಾಕಿದರೆ ಲಕೋಟೆ ಕಳಿಸಲು ಆ ಕಡೆ ಯಾರೂ ಇಲ್ಲ.

“ಇವು ಮೂರು ಇಲ್ಲವ್ವಾ” ಎಂದೆ.

“ಅಂದ್ರ ಸಿಗಂಗಿಲ್ಲಾ?”

“ಸಿಗಂಗಿಲ್ಲ ಅಲ್ಲ. ಹುಟ್ಟೇ ಇಲ್ಲ.”

ಅವಳು ಅವನ್ನು ಅಳಿಸಿದಳು. ಆ ಜಾಗಕ್ಕೆ ನಾನು 1973ರ ಲ್ಯಾನ್ಸೆಟ್ ಲೇಖನ ಹೇಳಿದೆ. ಚಹಾ ಆರುವುದರೊಳಗೆ ಅದು ಅವಳ ಪರದೆಯ ಮೇಲಿತ್ತು. ಹಳೆಯ ಅಕ್ಷರ, ಹಳೆಯ ಚಿತ್ರ. ನಾನು ವಾರಗಟ್ಟಲೆ ಕಾದಿದ್ದ ಪುಟಗಳನ್ನು ಅವಳು ಬೆರಳಿನಲ್ಲಿ ಮೇಲಕ್ಕೆ ತಳ್ಳುತ್ತಿದ್ದಳು. ಮೂಳೆ ಡಾಕ್ಟರ ಎಕ್ಸ್‌ರೇ ಕಥೆ ಹೇಳಬೇಕೆಂದು ಬಾಯಿ ತೆರೆದೆ. ಕೊಪ್ಪಳದ ಬಸ್ಸಿಗೆ ಹೊತ್ತಾಗಿತ್ತು, ಹೊರಟಳು.

ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂದು ಹೆಸರು. ಸಂಜೆ ಹೊತ್ತು ಒಂದು ಮೂಲೆಯಲ್ಲಿ ಕೂರುತ್ತೇನೆ, ಆರೋಗ್ಯದ ಸುದ್ದಿ ಖರೆಯೋ ಸುಳ್ಳೋ ನೋಡಿಕೊಡುತ್ತೇನೆ ಎಂದಾಗ ಅಲ್ಲಿನವರು ಬೇಡವೆನ್ನಲಿಲ್ಲ. ಹುಡುಗರು ಬರುತ್ತಾರೆ, ಪೊಲೀಸ್ ಪರೀಕ್ಷೆಯ ಪುಸ್ತಕ ಕೇಳುತ್ತಾರೆ. ಆರೋಗ್ಯವೆಂದು ಬಂದವನು ಒಬ್ಬ, ನನ್ನ ಓರಗೆಯವ, ಸಕ್ಕರೆ ಕಾಯಿಲೆಯವ. ಬೆಂಡೆಕಾಯಿ ಸೀಳಿ ರಾತ್ರಿ ನೀರಿಗೆ ಹಾಕಿ ಬೆಳಿಗ್ಗೆ ಕುಡಿದರೆ ಶುಗರ್ ಇಳಿಯುತ್ತದೆಂಬ ವಿಡಿಯೊ ತೋರಿಸಿ, “ಖರೇ ಏನು?” ಎಂದ. ಗುರುವಾರ ಬಾ, ನೋಡಿ ಹೇಳುತ್ತೇನೆ ಎಂದೆ.

ನೋಡಿದೆ. ಬೆಂಡೆಕಾಯಿಯ ಮೇಲಿನ ಕೆಲಸ ಬಹುಪಾಲು ಇಲಿಗಳ ಮೇಲಿನದು, ಮನುಷ್ಯರ ಮೇಲಿನವು ಚಿಕ್ಕವು. 2011ರ ಒಂದು ಲೇಖನದಲ್ಲಿ ಬೇರೆಯೇ ಒಂದು ವಿಷಯ ಸಿಕ್ಕಿತು: ಬೆಂಡೆಕಾಯಿಯ ನೀರನ್ನು ಮೆಟ್‌ಫಾರ್ಮಿನ್ ಜೊತೆಗೆ ಕೊಟ್ಟ ಇಲಿಗಳಲ್ಲಿ ಆ ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರಲಿಲ್ಲವಂತೆ. ನಮ್ಮವನು ದಿನಾ ನುಂಗುವುದು ಮೆಟ್‌ಫಾರ್ಮಿನ್ನೇ. ಇಲಿಯ ಮಾತು ಮನುಷ್ಯರಿಗೆ ಅನ್ವಯಿಸುತ್ತದೆಂದು ಹೇಳಲಾಗದು, ಆದರೂ ಹೇಳದೆ ಬಿಡುವಂಥದಲ್ಲ. ಕೊಪ್ಪಳಕ್ಕೆ ಹೋದಾಗ ಪ್ರಿಂಟ್ ತೆಗೆಸಿ, ಪಕ್ಕದಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆದಿಟ್ಟೆ. ಗುರುವಾರ ಅವನು ಬರಲಿಲ್ಲ.

ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ, ಕೈಯಲ್ಲಿ ಸಂತೆಯ ಚೀಲ. “ಬೆಂಡಿಕಾಯಿದು ನೋಡೀನಿ ಮಾರಾಯಾ, ನೀ ಬರಲೇ ಇಲ್ಲಲ್ಲ” ಎಂದೆ.

“ಅದನ್ನ ಬಿಟ್ಟು ಭಾಳ ದಿನಾತು” ಎಂದ. “ಈಗ ದಾಲ್ಚಿನ್ನಿ ಹಚ್ಚೀನಿ.”